ಸೂಜಿ ಹಕ್ಕಿಯ ಹಾಜರಿ

ಡಲ್ಸಿ ಟ್ರೆಗಿಯರ್‌ಳ ಕಿವಿಯನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಈ ಊರಲ್ಲಿ ಇನ್ನೊಬ್ಬರಿಲ್ಲ. ಮೂವತ್ತೆರಡು ವರ್ಷದಿಂದ ಆರು ವಾರಕ್ಕೊಮ್ಮೆ ಅವಳ ತಲೆಗೂದಲು ಕತ್ತರಿಸುತ್ತಾ ಬಂದವಳು ನಾನು, ನೋಲಾ. ಮೂನಲಾದ ಪೇಟೆಬೀದಿಯಲ್ಲಿ ಬೇಕರಿಯ ಪಕ್ಕದ ಹೆಂಗಸರ ಸಲೂನು ನನ್ನದು. ಡಲ್ಸಿಯದು ದೊಡ್ಡ ಕಿವಿ, ಅಪ್ಪನ ಕಡೆಯಿಂದ ಬಂದದ್ದು. ಕುರ್ಚಿ ಮೇಲೆ ಕೂತವಳೇ, ಕಿವಿ ಮುಚ್ಚೋ ಹಾಗೆ ಬಿಡಬೇಡ ಕಣೇ ಅಂತ ಪ್ರತಿ ಸಲ ಹೇಳುತ್ತಾಳೆ. ಮೂವತ್ತೆರಡು ವರ್ಷ ಹೇಳಿಸಿಕೊಂಡು ನನಗೂ ಸಾಕಾಗಿದೆ. ಕೂದಲು ಕಿವಿ ಮೇಲೆ ಬಿದ್ದರೆ ಹಕ್ಕಿ ಕೇಳಿಸುವುದಿಲ್ಲವಂತೆ. ಆ ಕಿವಿಯ ಬಗ್ಗೆ ಅವಳಿಗೆ ಅಷ್ಟು ಜಂಬ. ಹೋದ ವಸಂತದಲ್ಲಿ ಒಂದು ಬೆಳಿಗ್ಗೆ ಆ ಜಂಬ ಮುರಿದುಬಿತ್ತು. ಮುರಿದದ್ದೇ ಒಳ್ಳೆಯದಾಯಿತು.

ಅವಳಪ್ಪ ರೈಲು ಹಳಿಯ ಕೆಳಗೆ ಹಾಕುವ ಮರದ ದಿಮ್ಮಿ ಕೊಯ್ಯುತ್ತಿದ್ದವನು. ಊರ ಹಿಂದಿನ ಟ್ರೆವೆನಾ ಗುಡ್ಡದಲ್ಲಿ, ಕಪ್ಪು ತೊಗಟೆಯ ನೀಲಗಿರಿ ಮರಗಳ ನಡುವೆ ಡೇರೆ ಹಾಕಿ ಸಂಸಾರ ಮಾಡಿದ. ಡಲ್ಸಿ ಅಲ್ಲೇ ಬೆಳೆದಳು. ಗರಗಸ ನಿಲ್ಲಿಸಿ ಟೀ ಕುಡಿಯಲು ಕೂತಾಗ ಅಪ್ಪ ತುಟಿ ಮೇಲೆ ಬೆರಳಿಟ್ಟು ಸುಮ್ಮನಿರು ಅನ್ನುತ್ತಿದ್ದನಂತೆ. ಆಗ ಮರದ ತುದಿಯಿಂದ ಸಣ್ಣ ದನಿಯೊಂದು ಬರುತ್ತಿತ್ತು. ತಗಡಿನ ತಟ್ಟೆ ಮೇಲೆ ಒಂದೊಂದೇ ಸೂಜಿ ಬೀಳಿಸಿದ ಹಾಗೆ, ಅಷ್ಟು ತೆಳ್ಳಗೆ. ಪುಸ್ತಕದಲ್ಲಿ ಆ ಹಕ್ಕಿಗೆ ಏನೋ ಉದ್ದದ ಹೆಸರಿದೆ. ಅವಳಪ್ಪ ಸೂಜಿ ಹಕ್ಕಿ ಅಂದ, ಡಲ್ಸಿಯೂ ಹಾಗೇ ಅಂದಳು, ಅವಳ ಬಾಯಿಂದ ಕೇಳಿ ಇಡೀ ಊರೇ ಹಾಗೆ ಅನ್ನುತ್ತದೆ.

ದೊಡ್ಡವಳಾದ ಮೇಲೆ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದಳು. ಮೂನಲಾದಲ್ಲಿ ಈಗ ಮೂವತ್ತರಿಂದ ಐವತ್ತರೊಳಗಿನವರೆಲ್ಲ ಆ ಬಸ್ಸಿನಲ್ಲಿ ಬೈಸಿಕೊಂಡವರೇ. ತಮ್ಮ ಮನೆ ಗೇಟು ಬಂದಾಗ ಇಳಿಯುವ ಮುಂಚೆ ಮಕ್ಕಳು ದಾರಿಯಲ್ಲಿ ಕಂಡ ಒಂದು ಹಕ್ಕಿಯ ಹೆಸರು ಹೇಳಬೇಕಿತ್ತು. ಒಂದು ದಿನ ನನ್ನ ಮಗಳು ಸಣ್ಣ ಕಂದು ಹಕ್ಕಿ ಅಂದಳಂತೆ. ಡಲ್ಸಿ ಬಾಗಿಲು ತೆಗೆಯಲೇ ಇಲ್ಲ. ಅದು ಹೆಸರಾ, ನಿನ್ನನ್ನೂ ಸಣ್ಣ ಗಲಾಟೆ ಹುಡುಗಿ ಅಂತ ಕರೀಲಾ ಅಂತ ಕೇಳಿದಳಂತೆ. ಮಗಳು ಅಳುತ್ತಾ ಮನೆಗೆ ಬಂದಳು. ನಾನು ಜಗಳಕ್ಕೆ ಹೋದೆ. ಹೋದವಳು ಅವಳ ಅಡುಗೆಮನೆಯಲ್ಲಿ ಎರಡು ಗಂಟೆ ಕೂತು, ಸಣ್ಣ ಕಂದು ಹಕ್ಕಿಗಳಲ್ಲಿ ಎಷ್ಟು ಜಾತಿ ಅಂತ ಕಲಿತು, ಮುಂದಿನ ಶನಿವಾರ ಅವಳ ಹಿಂದೆ ಗುಡ್ಡ ಹತ್ತಿದೆ. ಅವತ್ತಿಂದ ಇವತ್ತಿನವರೆಗೂ ಹತ್ತುತ್ತಲೇ ಇದ್ದೇನೆ.

ನಮ್ಮ ಗುಡ್ಡದಲ್ಲಿ ಒಂದರ ಹಾಗೇ ಇನ್ನೊಂದು ಕಾಣುವ ಪುಟಾಣಿಗಳು ನಾಲ್ಕು. ಹೆಬ್ಬೆರಳಿಗಿಂತ ಚೂರು ದೊಡ್ಡವು, ಒಂದು ಕ್ಷಣ ಕೂತಲ್ಲಿ ಕೂರುವುದಿಲ್ಲ. ನೆಲದಲ್ಲಿ ಕುಪ್ಪಳಿಸಿಕೊಂಡು ಹೋಗುವುದು ಬೆಣ್ಣೆಕುಂಡಿ. ಅದು ಎದ್ದಾಗ ಹಿಂಭಾಗ ಬೆಣ್ಣೆ ಬಣ್ಣಕ್ಕೆ ಹೊಳೆಯುತ್ತದೆ, ಅದನ್ನು ಗುರುತಿಸಲಾರದವನು ಮನೆಯಲ್ಲೇ ಇರುವುದು ವಾಸಿ. ಪೊದೆಯೊಳಗಿಂದ ದಪ್ಪ ದನಿಯಲ್ಲಿ ಗೊಣಗುವುದು ಕಂದ. ಕಷ್ಟ ಏನಿದ್ದರೂ ಮೇಲಿನ ಇಬ್ಬರದು. ಮರದ ತುದಿಯ ಎಲೆಗಳಲ್ಲಿ ಮೋಟುಕೊಕ್ಕೂ ಇರುತ್ತದೆ, ಸೂಜಿ ಹಕ್ಕಿಯೂ ಇರುತ್ತದೆ. ಸೂಜಿ ಹಕ್ಕಿಯ ಕೆನ್ನೆ ಮೇಲೆ ಪೆನ್ಸಿಲಿನಲ್ಲಿ ಗೀಚಿದಂತೆ ಸಣ್ಣ ಸಣ್ಣ ಗೆರೆ. ಆದರೆ ಅರವತ್ತಡಿ ಕೆಳಗೆ ಕತ್ತು ಎತ್ತಿ ನಿಂತು, ಬಿಸಿಲು ಕಣ್ಣಿಗೆ ಹೊಡೆಯುತ್ತಿರುವಾಗ ಆ ಗೆರೆ ಯಾವ ಪುಣ್ಯಾತ್ಮನಿಗೆ ಕಾಣಬೇಕು? ಆಗ ದನಿಯೇ ಗತಿ. ಕಣ್ಣು ಸುಳ್ಳು ಹೇಳುತ್ತೆ, ಕಿವಿ ಹೇಳಲ್ಲ ಅನ್ನುವುದು ಡಲ್ಸಿಯ ಮಂತ್ರ. ನಾವೆಲ್ಲ ಅದನ್ನು ವೇದವಾಕ್ಯ ಅಂತ ನಂಬಿದೆವು.

ನಾವೆಲ್ಲ ಅಂದರೆ ಹಕ್ಕಿ ಸಂಘ. ಒಂದು ಕಾಲಕ್ಕೆ ಹದಿನಾಲ್ಕು ಜನ ಇದ್ದೆವು. ಕೆಲವರು ಮಣ್ಣು ಸೇರಿದರು, ಕೆಲವರು ಮಂಡಿ ನೋವು ಅಂತ ಮನೆ ಸೇರಿದರು, ಉಳಿದವರು ಮೂವರು. ಎಪ್ಪತ್ತಾರರ ಡಲ್ಸಿ, ಅರವತ್ತೊಂಬತ್ತರ ನಾನು, ಮತ್ತೆ ಎಂಬತ್ತು ದಾಟಿದ ಮರ್ವ್ ಪಾಸ್ಕೋ. ಮರ್ವ್ ಗೂಡ್ಸ್ ರೈಲು ಓಡಿಸಿ ಓಡಿಸಿ ಎರಡೂ ಕಿವಿ ಕಳೆದುಕೊಂಡು ಮಷೀನ್ ಹಾಕಿಕೊಂಡವನು. ಅವನ ಕೆಲಸ ಫ್ಲಾಸ್ಕು ಹೊರುವುದು, ಡಲ್ಸಿಯನ್ನು ರೇಗಿಸುವುದು.

ತಿಂಗಳಿಗೊಂದು ಸೋಮವಾರ ಗುಡ್ಡದ ಆರು ಜಾಗದಲ್ಲಿ ಇಪ್ಪತ್ತಿಪ್ಪತ್ತು ನಿಮಿಷ ನಿಂತು ಎಣಿಸುತ್ತೇವೆ. ಆಮೇಲೆ ಹಳೇ ಚಿನ್ನದ ಗಣಿಯ ಬಾಯಿ ಹತ್ತಿರ ಕೂತು ಟೀ ಕುಡಿಯುತ್ತಾ ಹಾಜರಿ ಕರೆಯುತ್ತೇವೆ. ಡಲ್ಸಿ ಪಟ್ಟಿ ಹಿಡಿದು ಹೆಸರು ಓದುತ್ತಾಳೆ, ಕಂಡವರು ಅಥವಾ ಕೇಳಿದವರು ಹಾಜರ್ ಅನ್ನಬೇಕು, ಎಷ್ಟು ಅಂತ ಹೇಳಬೇಕು. ಐದು ವಸಂತ ಒಂದೇ ಒಂದು ಹಾಜರಿಯೂ ಬೀಳದ ಹಕ್ಕಿಯ ಹೆಸರನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಬೇಕು, ಆಮೇಲೆ ಅದನ್ನು ಓದಬಾರದು. ಈ ನಿಯಮ ಮಾಡಿದವಳೂ ಡಲ್ಸಿಯೇ. ಇಪ್ಪತ್ತು ವರ್ಷದ ಹಿಂದೆ ಬೂದುತಲೆಯ ಹರಟೆಮಲ್ಲ ಹಕ್ಕಿಯ ಹೆಸರು ಹೊಡೆದಾಗ ಅವಳು ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ. ನನ್ನ ಕುರ್ಚಿಯಲ್ಲಿ ಕೂತು ಕೂದಲು ಕತ್ತರಿಸಿಕೊಂಡಳು, ಎದ್ದು ಹೋದಳು. ಕಿವಿ ಮುಚ್ಚಬೇಡ ಅಂತಲೂ ಹೇಳಲಿಲ್ಲ.

ಹಾಗಿರುವಾಗ ಸೂಜಿ ಹಕ್ಕಿಗೆ ಹಾಜರಿ ನಿಂತುಹೋಯಿತು. ಮೊದಲ ವರ್ಷ ಬರಗಾಲ ಅಂದೆವು. ಎರಡನೇ ವರ್ಷ ಪಕ್ಕದ ಕಾಡಿಗೆ ಹೋಗಿರಬೇಕು ಅಂದೆವು. ಮೂರನೇ ವರ್ಷ ಕಾರಣಗಳೇ ಮುಗಿದುಹೋದವು. ಡಲ್ಸಿ ಒಬ್ಬಳೇ ಬೆಳಗಾಗುವ ಹೊತ್ತಿಗೆ ಗುಡ್ಡಕ್ಕೆ ಹೋಗಿ ಅಪ್ಪನ ಡೇರೆ ಇದ್ದ ಜಾಗದಲ್ಲಿ ಕೂತು ಬರುತ್ತಿದ್ದಳು. ಏನಾದರೂ ಸಿಕ್ತಾ ಅಂದರೆ ಇಲ್ಲ ಅಂತ ತಲೆಯಾಡಿಸುತ್ತಿದ್ದಳು. ಅರಣ್ಯ ಇಲಾಖೆಗೆ ಪತ್ರ ಬರೆದಳು, ಕಾಳ್ಗಿಚ್ಚು ತಡೆಯುವ ನೆಪದಲ್ಲಿ ಪೊದೆ ಸುಡಬೇಡಿ ಅಂತ ಹೋರಾಡಿದಳು, ಊಟ ಕಡಿಮೆ ಮಾಡಿದಳು. ಅವಳ ಗಂಡ ವಿಕ್ ತೀರಿಕೊಂಡಾಗಲೂ ಇಷ್ಟು ಇಳಿದುಹೋಗಿರಲಿಲ್ಲ. ಅಪ್ಪ ತೋರಿಸಿಕೊಟ್ಟ ಹಕ್ಕಿ ನನ್ನ ಕಣ್ಣೆದುರಿಗೇ ಹೋಯ್ತಲ್ಲ, ನಾನು ಇದ್ದೂ ಏನು ಮಾಡಿದೆ ಅನ್ನುವ ಕೊರಗು ಅವಳನ್ನು ಒಳಗೊಳಗೇ ತಿಂದುಹಾಕುತ್ತಿತ್ತು.

ಇಲ್ಲಿ ನನ್ನದೊಂದು ತಪ್ಪಿದೆ, ಹೇಳಿಬಿಡುತ್ತೇನೆ. ನಾಲ್ಕನೇ ವರ್ಷ ಒಂದು ಮರದ ತುದಿಯಲ್ಲಿ ಕೆನ್ನೆ ಮೇಲೆ ಗೆರೆ ಇರುವ ಹಾಗೆ ಏನೋ ನನ್ನ ಕಣ್ಣಿಗೆ ಬಿತ್ತು. ಡಲ್ಸಿಯನ್ನು ಕರೆದು ತೋರಿಸಿದೆ. ಅವಳು ಕಣ್ಣು ಮುಚ್ಚಿ, ಕಿವಿಯ ಹಿಂದೆ ಕೈ ಇಟ್ಟು ಎರಡು ನಿಮಿಷ ನಿಂತಳು. ಸೂಜಿ ಆಗಿದ್ರೆ ನಂಗೆ ಕೇಳಿಸ್ತಿರ್ಲಿಲ್ವಾ, ಮೋಟುಕೊಕ್ಕು ಅಂತ ಬರ್ಕೋ ಅಂದಳು. ನನಗೂ ಏನೂ ಕೇಳಿಸಿರಲಿಲ್ಲ. ಬರೆದುಕೊಂಡೆ. ಡಲ್ಸಿಯ ಜೊತೆ ಹಕ್ಕಿ ವಿಷಯಕ್ಕೆ ವಾದ ಮಾಡುವುದೂ ಒಂದೇ, ಬಂಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಆದರೆ ಆ ಗೆರೆ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಐದನೇ ವಸಂತದ ಕೊನೆಯ ಎಣಿಕೆಯ ದಿನ ಬಂತು. ಅವಳನ್ನು ಕರೆದುಕೊಂಡು ಹೋಗಲು ಹೋದಾಗ ಡಲ್ಸಿ ಅಡುಗೆಮನೆಯ ಮೇಜಿನ ಮೇಲೆ ಕೆಂಪು ಪೆನ್ಸಿಲ್ ಕೆತ್ತಿಟ್ಟುಕೊಂಡಿದ್ದಳು. ಅದನ್ನು ನೋಡಿ ಇನ್ನೊಂದು ವರ್ಷ ಬಿಡೋಣ ಅಂದೆ. ನಿಯಮ ಅಂದ್ರೆ ನಿಯಮ, ಸೂಜಿಗೊಂದು ಹರಟೆಮಲ್ಲಂಗೊಂದು ಇಲ್ಲ ಅಂದಳು.

ಅವತ್ತು ನಮ್ಮ ಜೊತೆ ಹಾನ್ ಬಂದಿದ್ದಳು. ಬೇಕರಿ ಅವಳದೇ, ಆರು ವರ್ಷದ ಹಿಂದೆ ಗಂಡನ ಜೊತೆ ಈ ಊರಿಗೆ ಬಂದವಳು, ವಿಯೆಟ್ನಾಮಿನವಳು, ನಲವತ್ತರ ಹತ್ತಿರದ ವಯಸ್ಸು. ಸೋಮವಾರ ಬೇಕರಿಗೆ ರಜೆ. ದಿನವಿಡೀ ನಿಂತು ಸೊಂಟ ಹಿಡಿದಿದೆ, ನಡೀರಿ ಅಂತ ಡಾಕ್ಟರು ಹೇಳಿದ್ದಾರೆ ಅಂದಿದ್ದಳು. ಹಾಗಾದರೆ ನಮ್ಮ ಜೊತೆ ಬಾ ತಾಯಿ ಅಂತ ಮರ್ವ್ ಕರೆದಿದ್ದ. ಅವನ ಕಣ್ಣು ಇದ್ದದ್ದು ಅವಳು ತರುವ, ಮಾಂಸ ತುಂಬಿ ಬೇಯಿಸಿದ ಕಡುಬಿನಂಥ ಪೇಸ್ಟಿಯ ಮೇಲೆ.

ಈ ಪೇಸ್ಟಿಯ ಜಗಳ ಬೇರೆ ಇತ್ತು. ಡಲ್ಸಿಯ ಮುತ್ತಜ್ಜ ಕಡಲಾಚೆಯ ಕಾರ್ನ್‌ವಾಲಿನಿಂದ ಗಣಿ ಕೆಲಸಕ್ಕೆ ಬಂದವನು. ಆ ಜನಕ್ಕೆ ಪೇಸ್ಟಿಯೊಳಗೆ ಕ್ಯಾರೆಟ್ ಹಾಕುವುದೆಂದರೆ ಮಹಾಪಾಪ. ಹಾನ್ ಹಾಕುತ್ತಾಳೆ. ಅದೊಂದೇ ಕಾರಣಕ್ಕೆ ಆರು ವರ್ಷದಿಂದ ಡಲ್ಸಿ ಆ ಬೇಕರಿಯ ಮೆಟ್ಟಿಲು ಹತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕರೆ ನಮಸ್ಕಾರಕ್ಕೊಂದು ನಮಸ್ಕಾರ, ಅಷ್ಟೇ.

ಆರು ಜಾಗದಲ್ಲೂ ನಿಂತೆವು. ಗೂಡು ಕಾಯುವ ಹುಚ್ಚು ಹತ್ತಿದ ಮ್ಯಾಗ್‌ಪೈ ಹಕ್ಕಿಯೊಂದು ಎರಗಿ ಬಂದು ಮರ್ವ್‌ನ ಟೋಪಿಗೆ ಕುಕ್ಕಿ ಹೋಯಿತು. ಬೆಣ್ಣೆಕುಂಡಿ ಸಿಕ್ಕವು, ಕಂದ ಸಿಕ್ಕಿತು, ಮೇಲೆ ಗದ್ದಲ ಹಾಕುವ ಮೋಟುಕೊಕ್ಕುಗಳು ಸಿಕ್ಕವು. ಸೂಜಿ ಹಕ್ಕಿ ಇಲ್ಲ. ಗಣಿ ಬಾಯಿಗೆ ಬಂದು ಕೂತೆವು. ಮರ್ವ್ ಟೀ ಬಗ್ಗಿಸಿದ. ಡಲ್ಸಿ ಹಾಜರಿ ಶುರು ಮಾಡಿದಳು. ಅವಳ ದನಿ ಎಂದಿನಂತೆ ಗಟ್ಟಿಯಾಗೇ ಇತ್ತು.

"ಸೂಜಿ ಹಕ್ಕಿ," ಅಂದಳು.

ನಾನು ನನ್ನ ಬೂಟು ನೋಡುತ್ತಾ ಕೂತೆ. ಅವಳು ಇನ್ನೊಂದು ಸಲ ಓದಿದಳು. ನಿಯಮದಲ್ಲಿ ಎರಡು ಸಲ ಓದಬೇಕು ಅಂತೇನೂ ಇಲ್ಲ. ಆಮೇಲೆ ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದಳು.

ಆಗ ಹಾನ್ ಸಂಕೋಚದಿಂದ ನನ್ನ ಕಡೆ ಬಗ್ಗಿದಳು. "ಮರ್ವ್ ಅವರ ಕಿವಿ ಮಷೀನು ಕೂಗ್ತಾ ಇದೆ ಅನ್ಸುತ್ತೆ. ಆಗ್ಲಿಂದ ಟ್ಸಿಟ್ ಟ್ಸಿಟ್ ಅಂತಿದೆ. ಹೇಳೋದು ಹೇಗೆ ಅಂತ ಸುಮ್ನಿದ್ದೆ."

ಮರ್ವ್‌ಗೆ ಕೂಗಿ ಹೇಳಿದೆ. ಅವನು ಎರಡೂ ಮಷೀನು ಬಿಚ್ಚಿ, ಆರಿಸಿ, ಟೋಪಿಯೊಳಗೆ ಹಾಕಿ, ಈಗ ಹೇಳು ಅನ್ನುವ ಹಾಗೆ ಅವಳನ್ನೇ ನೋಡಿದ. ಹಾನ್ ತಲೆ ಓರೆ ಮಾಡಿ ಕೇಳಿದಳು. ಈಗಲೂ ಬರ್ತಾ ಇದೆ ಅಂದಳು. ಬೆರಳು ಎತ್ತಿ ನೆಟ್ಟಗೆ ನಮ್ಮ ತಲೆ ಮೇಲಿನ ಮರದ ತುದಿ ತೋರಿಸಿದಳು.

ಡಲ್ಸಿ ಪಟ್ಟಿ ಕೆಳಗಿಟ್ಟಳು. ಯಾವುದೋ ಹುಳ ಇರಬೇಕು ಅಂದಳು. ಅಂದರೂ ದುರ್ಬೀನು ಎತ್ತಿಕೊಂಡಳು. ನಾನೂ ಎತ್ತಿಕೊಂಡೆ. ಅವತ್ತು ಮೋಡ ಕವಿದಿತ್ತು, ಅದೇ ನಮ್ಮ ಪುಣ್ಯ; ಬಿಸಿಲು ಕಣ್ಣಿಗೆ ಹೊಡೆಯಲಿಲ್ಲ. ಎಲೆಗಳ ನಡುವೆ ಒಂದು ಪುಟಾಣಿ ತಲೆಕೆಳಗಾಗಿ ನೇತಾಡುತ್ತಿತ್ತು. ತಿರುಗಿತು. ಕೆನ್ನೆ ಮೇಲೆ ಗೆರೆ. ಒಂದಲ್ಲ ಎರಡಲ್ಲ, ಕೆನ್ನೆ ತುಂಬ ಗೆರೆ.

ಡಲ್ಸಿ ದುರ್ಬೀನು ಇಳಿಸದೆ ಹಾನ್‌ಳನ್ನು ಪಕ್ಕಕ್ಕೆ ಕರೆದಳು. ಸದ್ದು ಬಂದಾಗಲೆಲ್ಲ ನನ್ನ ಮುಂಗೈ ಮೇಲೆ ಬೆರಳಿಂದ ತಟ್ಟಮ್ಮ ಅಂದಳು. ಹಾನ್ ತಟ್ಟಿದಳು. ಮೇಲೆ ಆ ಹಕ್ಕಿ ಕೊಕ್ಕು ತೆರೆಯುವುದು, ಕೆಳಗೆ ಹಾನ್‌ಳ ಬೆರಳು ಬೀಳುವುದು. ಕೊಕ್ಕು, ಬೆರಳು. ಕೊಕ್ಕು, ಬೆರಳು. ನಾನು ದುರ್ಬೀನಿನಲ್ಲಿ ಒಮ್ಮೆ, ಡಲ್ಸಿಯ ಕೈ ಮೇಲೆ ಒಮ್ಮೆ ನೋಡುತ್ತಿದ್ದೆ. ಒಂದು ಸಲವೂ ತಪ್ಪಲಿಲ್ಲ. ನನಗಾಗಲಿ ಡಲ್ಸಿಗಾಗಲಿ ಒಂದು ಚೂರೂ ಕೇಳಿಸಲಿಲ್ಲ. ಗಾಜಿನ ಆಚೆ ಯಾರೋ ಮಾತಾಡುವುದನ್ನು ನೋಡಿದ ಹಾಗಿತ್ತು.

ಎಲ್ಲ ಒಂದೇ ಏಟಿಗೆ ತಲೆಗೆ ಹೋಯಿತು. ಸಂಘದಲ್ಲಿ ಅರವತ್ತೈದರ ಕೆಳಗಿನವರು ಒಬ್ಬರೂ ಇಲ್ಲ. ಮರ್ವ್‌ನ ಕಿವಿಯನ್ನು ರೈಲು ತಿಂದಿತ್ತು, ನನ್ನದನ್ನು ನಲವತ್ತು ವರ್ಷದ ಕೂದಲು ಒಣಗಿಸುವ ಮಷೀನು ತಿಂದಿತ್ತು, ಡಲ್ಸಿಯದನ್ನು ವಯಸ್ಸು ತಿಂದಿತ್ತು. ದಪ್ಪ ದನಿ ಎಲ್ಲ ಕೇಳಿಸುತ್ತಿತ್ತು, ಆದ್ದರಿಂದ ಕಿವಿ ನೆಟ್ಟಗಿದೆ ಅಂದುಕೊಂಡಿದ್ದೆವು. ತೀರ ತೆಳ್ಳಗಿನ ಈ ಒಂದು ದನಿ ಮಾತ್ರ ನಮಗೆ ಹೇಳದೆ ಕೇಳದೆ ಜಾರಿಹೋಗಿತ್ತು. ಮೇಲೆ ಸದ್ದಿಲ್ಲದೆ ಆಡುವ ಪುಟಾಣಿಗಳನ್ನೆಲ್ಲ ಮೋಟುಕೊಕ್ಕಿನ ಲೆಕ್ಕಕ್ಕೆ ಸೇರಿಸಿದ್ದೆವು. ಐದು ವರ್ಷದಿಂದ ಮೋಟುಕೊಕ್ಕು ಜಾಸ್ತಿಯಾಗ್ತಿದೆ ಅಂತ ಖುಷಿ ಬೇರೆ ಪಟ್ಟಿದ್ದೆವು. ಥೂ, ನಮ್ಮ ಬುದ್ಧಿಗಿಷ್ಟು.

ನಾನು ಹೆದರಿದ್ದು ಡಲ್ಸಿಗೋಸ್ಕರ. ಮನೆ ಹೋದರೂ ಅವಳು ಸಹಿಸಿಯಾಳು, ಕಿವಿ ಹೋಯಿತು ಅಂದರೆ ಹೇಗೆ ತಡೆದುಕೊಳ್ಳುತ್ತಾಳೋ ಅಂತ. ಅವಳು ದುರ್ಬೀನು ಇಳಿಸಿದಳು. ಮುಖ ಬಿಳಿಚಿಕೊಂಡಿತ್ತು. ನನ್ನ ಕಡೆ ತಿರುಗಿದಳು.

"ಹೋಗಿರೋದು ನನ್ನ ಕಿವಿ ಕಣೇ ನೋಲಾ," ಅಂದಳು. "ಹಕ್ಕಿ ಹೋಗಿಲ್ಲ."

ಅಂದವಳೇ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮಷೀನು ಟೋಪಿಯಲ್ಲಿಟ್ಟುಕೊಂಡು ಏನೂ ಕೇಳಿಸದೆ ಕೂತಿದ್ದ ಮರ್ವ್ ಏನಾಯ್ತು ಏನಾಯ್ತು ಅಂತ ಎಲ್ಲರ ಮುಖ ನೋಡಿದ. ಅವನಿಗೆ ಗೊತ್ತಾದಾಗ ಅವನೂ ನಕ್ಕ. ಒಟ್ಟಿನಲ್ಲಿ ಐದು ವರ್ಷದಿಂದ ಗುಡ್ಡ ಕಾಯ್ತಾ ಇದ್ದದ್ದು ಮೂರು ಜನ ಕಿವುಡರು ಅಂದ. ನನಗೆ ನಗು ಬರಲಿಲ್ಲ, ಅಳು ಬಂತು. ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿತ್ತು. ಆ ಅಳುವಿನಲ್ಲೇ ನಾಲ್ಕನೇ ವರ್ಷದ ಗೆರೆಯ ವಿಷಯ ಎತ್ತಿದೆ. ನಾನು ಅವತ್ತು ಗಟ್ಟಿಯಾಗಿ ನಿಂತಿದ್ದರೆ ನಿನಗೆ ಒಂದು ವರ್ಷದ ಸಂಕಟ ತಪ್ಪುತ್ತಿತ್ತು ಅಂದೆ. ನಾನೇ ತಾನೇ ನಿನ್ನ ಬಾಯಿ ಮುಚ್ಚಿಸಿದ್ದು, ಬಿಡು ಅಂದಳು. ಡಲ್ಸಿ ತನ್ನ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಪಟ್ಟಿ ಎತ್ತಿಕೊಂಡು ಹಾಜರಿಯನ್ನು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಿದಳು. ಸೂಜಿ ಹಕ್ಕಿ ಅಂದು ಹಾನ್‌ಳ ಮುಖ ನೋಡಿದಳು. ಹಾನ್‌ಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ನಾನು ಹೇಳಿಕೊಟ್ಟೆ.

"ಹಾಜರ್, ಮಿಸೆಸ್ ಟ್ರೆಗಿಯರ್," ಅಂದಳು ಹಾನ್. ಎಷ್ಟು ಅಂತ ಕೇಳಿದ್ದಕ್ಕೆ ಕಣ್ಣು ಮುಚ್ಚಿ ಎಣಿಸಿ, ಮೇಲೆ ನಾಲ್ಕು, ಆ ಕಡೆ ಮರದಲ್ಲಿ ಮೂರು ಅಂದಳು.

ಡಲ್ಸಿ ಏಳು ಅಂತ ಬರೆದಳು. ಕೆಂಪು ಪೆನ್ಸಿಲು ಇನ್ನೂ ಕೈಯಲ್ಲೇ ಇತ್ತು. ಪಟ್ಟಿಯ ಕೊನೆಯಲ್ಲಿ 'ಡಲ್ಸಿಯ ಕಿವಿ' ಅಂತ ಬರೆದು, ಅದರ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಳು. ನಿಯಮ ಅಂದರೆ ನಿಯಮ ಅಂದಳು.

ಅದಾದ ಮೇಲೆ ಅವಳೇ ಅರಣ್ಯ ಇಲಾಖೆಗೆ ಬರೆದಳು. ನಮ್ಮ ಐದು ವರ್ಷದ ಎಣಿಕೆ ತಪ್ಪು, ಹಕ್ಕಿ ಇದೆ, ಎಣಿಸಿದವರಿಗೆ ಕಿವಿ ಇರಲಿಲ್ಲ ಅಂತ ಒಂದು ಸಾಲೂ ಮುಚ್ಚಿಡದೆ ಬರೆದು ನನ್ನಿಂದಲೂ ಸಹಿ ಹಾಕಿಸಿದಳು. ಕಿವಿ ಪರೀಕ್ಷೆ ಮಾಡಿಸಿಕೊಂಡು ಮಷೀನು ಹಾಕಿಸಿಕೊಂಡಳು. ಅದು ಮಾತಿಗೆ ಸಾಕು, ಸೂಜಿಗೆ ಸಾಲದು. ಮಷೀನು ಎಲ್ಲರಿಗೂ ಕಾಣಲಿ, ನನ್ನ ಕಿವಿ ನಂಬಬಾರದು ಅಂತ ಜನಕ್ಕೆ ಗೊತ್ತಾಗಲಿ ಅಂತ ಕೂದಲನ್ನು ಇನ್ನೂ ಗಿಡ್ಡ ಮಾಡಿಸಿಕೊಂಡಿದ್ದಾಳೆ. ಈಗ ಪ್ರತಿ ಎಣಿಕೆಗೆ ಹಾನ್ ಬರುತ್ತಾಳೆ. ಅವಳಿಗೆ ಸದ್ದು ಕೇಳಿಸುತ್ತದೆ, ಯಾವುದರದ್ದು ಅಂತ ತಿಳಿಯುವುದಿಲ್ಲ. ಕೇಳಿಸಿದ್ದನ್ನು ಅವಳು ಬಾಯಲ್ಲಿ ಮಾಡಿ ತೋರಿಸುತ್ತಾಳೆ, ಡಲ್ಸಿ ಹೆಸರು ಹೇಳುತ್ತಾಳೆ. ಇಬ್ಬರೂ ಸೇರಿ ಒಬ್ಬ ಒಳ್ಳೇ ಹಕ್ಕಿಗಾರ್ತಿ.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಅವತ್ತು ನಾವಿಬ್ಬರೇ ಕಾರಿನಲ್ಲಿ ವಾಪಸು ಬರುವಾಗಿನ ಮಾತು. ಅವಳ ಅಪ್ಪನ ಡೇರೆಯಿದ್ದ ತಿರುವು ದಾಟಿದಾಗ ಕಿಟಕಿಯ ಆಚೆ ನೋಡುತ್ತಾ ಮೆಲ್ಲಗೆ ಹೇಳಿದಳು.

"ಐದು ವರ್ಷ ಅದಕ್ಕೋಸ್ಕರ ಅತ್ತೆ ಕಣೇ. ಅದು ಪಾಪ, ನನ್ನ ತಲೆ ಮೇಲೇ ಕೂತು ಕೂಗ್ತಾ ಇತ್ತು."

ಅವಳು ಕಣ್ಣೊರೆಸಿಕೊಂಡು, ತೊಡೆಯ ಮೇಲಿದ್ದ, ಹಾನ್ ಕೊಟ್ಟುಕಳಿಸಿದ್ದ ಪೊಟ್ಟಣ ಬಿಚ್ಚಿ, ಒಳಗಿದ್ದ ಪೇಸ್ಟಿಯನ್ನು ಪೂರ್ತಿ ತಿಂದಳು, ಕ್ಯಾರೆಟ್ ಸಮೇತ.